ಡ್ಯೂಕನ ಮನಸ್ಸು ಬದಲಾದರೆ ಸಾಕೇ?

1879ರ ಲಂಡನ್. ಪಾರ್ಲಿಮೆಂಟಿನ ಹತ್ತಿರ ಹೆಂಗಸರ ಸಣ್ಣ ಗುಂಪೊಂದು ಕರಪತ್ರ ಹಂಚುತ್ತಿದೆ. ಹಳ್ಳಿಯ ಪಾದ್ರಿಯೊಬ್ಬನ ಮಗಳು ಆನಬೆಲ್ ಆರ್ಚರ್ ಆ ಗುಂಪಿನಲ್ಲಿದ್ದಾಳೆ. ಆಕ್ಸ್‌ಫರ್ಡಿನಲ್ಲಿ ಓದಲು ಅವಳಿಗೆ ಹಣ ಕೊಟ್ಟವರು ಸ್ತ್ರೀಮತದಾನದ ಚಳವಳಿಯವರು. ಆ ಋಣಕ್ಕೆ ಪ್ರಭಾವಿ ಗಂಡಸರನ್ನು ತಡೆದು ನಿಲ್ಲಿಸಿ ಮನವೊಲಿಸುವ ಕೆಲಸ ಅವಳ ಪಾಲಿಗೆ ಬಂದಿದೆ. ಅವಳು ತಡೆದದ್ದು ಯಾರನ್ನು? ವಿಕ್ಟೋರಿಯಾ ರಾಣಿಯ ಆಪ್ತ, ಟೋರಿ ಪಕ್ಷದ ಚುನಾವಣಾ ಚಾಣಕ್ಯ, ಮಾಂಟ್‌ಗಮರಿಯ ಡ್ಯೂಕನನ್ನು. ಈವಿ ಡನ್ಮೋರ್ 2019ರಲ್ಲಿ ಪ್ರಕಟಿಸಿದ ‘ಬ್ರಿಂಗಿಂಗ್ ಡೌನ್ ದ ಡ್ಯೂಕ್’ ಕಾದಂಬರಿಯ ಪ್ರೇಮಕಥೆ ಶುರುವಾಗುವುದು ಹೀಗೆ. ಮುಂದೇನಾಗುತ್ತದೆ ಎಂಬುದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ.

ಹಳೆಯ ಕಾಲದಲ್ಲಿ ನಡೆಯುವ ಇಂಥ ರಮ್ಯ ಕಾದಂಬರಿಗಳ ಮೇಲೆ ಓದುಗರ ಒಂದು ದೂರು ತಪ್ಪಿದ್ದಲ್ಲ: ನಾಯಕಿ ಹಾಕಿಕೊಂಡಿರುವುದು ಕಾರ್ಸೆಟ್ಟು, ಆಡುವುದೆಲ್ಲ ಇವತ್ತಿನ ಮಾತು. ಆ ಕಾಲದ ಹೆಣ್ಣು ಹೀಗೆಲ್ಲ ಯೋಚಿಸುತ್ತಿದ್ದಳೇ ಎಂಬುದು ಅವರ ಪ್ರಶ್ನೆ. ನನ್ನ ಪ್ರಕಾರ ದೂರು ಸರಿ, ಬೊಟ್ಟು ಮಾಡಿದ ಜಾಗ ತಪ್ಪು. ಹಾಗೆ ಯೋಚಿಸಿದ ಹೆಣ್ಣುಮಕ್ಕಳು ಧಾರಾಳವಾಗಿದ್ದರು. 1879ರಲ್ಲಿ ಆಕ್ಸ್‌ಫರ್ಡಿನಲ್ಲಿ ಹೆಣ್ಣುಮಕ್ಕಳಿಗೆಂದು ಲೇಡಿ ಮಾರ್ಗರೆಟ್ ಹಾಲ್, ಸಾಮರ್‌ವಿಲ್ ಎಂಬ ಎರಡು ಸಂಸ್ಥೆಗಳು ಬಾಗಿಲು ತೆರೆದವು. ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 12 ವಿದ್ಯಾರ್ಥಿನಿಯರು. ಪಾಠ ಕೇಳಲು ಹೋಗುವಾಗ ಕಾವಲಿಗೆ ಒಬ್ಬ ಹಿರಿಯ ಹೆಂಗಸು ಜೊತೆಗಿರಬೇಕಿತ್ತು. ಪದವಿ ಕೈಗೆ ಬರಲು 1920ರ ತನಕ ಕಾಯಬೇಕಾಯಿತು. ಡನ್ಮೋರ್ ಇಷ್ಟನ್ನು ಓದಿಕೊಂಡೇ ಬರೆದಿದ್ದಾರೆ. ಅವರ ಆನಬೆಲ್ ಅಸಾಧ್ಯದ ಹೆಣ್ಣಲ್ಲ.

ಹಾಗಾದರೆ ಎಡವಿರುವುದು ಎಲ್ಲಿ? ಅದನ್ನು ತಿಳಿಯಲು ಕಾದಂಬರಿಯನ್ನು ಸ್ವಲ್ಪ ಬದಿಗಿಟ್ಟು ಕ್ಯಾರೊಲಿನ್ ನಾರ್ಟನ್ ಅವರ ಬದುಕನ್ನು ನೋಡಬೇಕು. ನಾಟಕಕಾರ ಶೆರಿಡನ್ನನ ಮೊಮ್ಮಗಳು, ಹೆಸರಾದ ಕವಯಿತ್ರಿ. 1827ರಲ್ಲಿ ಮದುವೆ, ಗಂಡ ಜಾರ್ಜ್ ನಾರ್ಟನ್ ಹೊಡೆಯುವ ಆಸಾಮಿ. 1836ರಲ್ಲಿ ಅವನು ಮೂವರು ಗಂಡುಮಕ್ಕಳನ್ನು ಬೇರೆಡೆಗೆ ಸಾಗಿಸಿ, ಹೆಂಡತಿಗೂ ಪ್ರಧಾನಿ ಮೆಲ್ಬರ್ನ್‌ಗೂ ಸಂಬಂಧವಿದೆಯೆಂದು ದಾವೆ ಹೂಡಿದ. ಜ್ಯೂರಿ ಅದನ್ನು ತಳ್ಳಿಹಾಕಿತು. ಗೆದ್ದ ಮೇಲೆ ಕ್ಯಾರೊಲಿನ್‌ಗೆ ಸಿಕ್ಕಿದ್ದೇನು? ಏನೂ ಇಲ್ಲ. ವಿಚ್ಛೇದನ ಸಿಗುವಂತಿರಲಿಲ್ಲ, ಮಕ್ಕಳ ಮುಖ ನೋಡುವ ಹಕ್ಕಿರಲಿಲ್ಲ, ಪುಸ್ತಕ ಬರೆದು ಗಳಿಸಿದ ಹಣವೂ ಕಾನೂನಿನ ಕಣ್ಣಲ್ಲಿ ಗಂಡನದೇ. ಅವರು ಪಟ್ಟುಹಿಡಿದು ಬರೆದು, ಸಂಸದರ ಬೆನ್ನುಹತ್ತಿದ್ದರಿಂದ 1839ರಲ್ಲಿ ಮಕ್ಕಳ ಪಾಲನೆಯ ಕಾಯ್ದೆ ಬಂತು. ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿ ಕೋರ್ಟಿಗೆ ಹೋಗಬಹುದಾಯಿತು. ಆದರೆ ಆ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಜಾರ್ಜ್ ಮಕ್ಕಳನ್ನು ಇರಿಸಿದ್ದು ಅಲ್ಲಿಯೇ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ಗಾಯ ವಿಷವೇರಿ ತೀರಿಕೊಂಡ. ತಾಯಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದೇ ಕ್ಯಾರೊಲಿನ್ ನಾರ್ಟನ್, ಹೆಣ್ಣು ಗಂಡಿಗೆ ಸಮಾನಳೆಂಬ ವಾದ ತನಗೆ ಒಪ್ಪಿಗೆಯಿಲ್ಲವೆಂದೂ ಬರೆದರು. ಅವರು ಕೇಳಿದ್ದು ಸಮಾನತೆಯನ್ನಲ್ಲ, ರಕ್ಷಣೆಯನ್ನು. ಸಾಂಕ್ರಾಮಿಕ ರೋಗಗಳ ಕಾಯ್ದೆಯ ಹೆಸರಿನಲ್ಲಿ ಪೊಲೀಸರು ಬೀದಿಯ ಹೆಂಗಸರನ್ನು ಹಿಡಿದು ಬಲವಂತದ ತಪಾಸಣೆಗೆ ಒಡ್ಡುತ್ತಿದ್ದಾಗ, 1886ರಲ್ಲಿ ಅದು ರದ್ದಾಗುವ ತನಕ ಹೋರಾಡಿದ ಜೋಸೆಫೀನ್ ಬಟ್ಲರ್ ಅವರಿಗೆ ಬಲವಾಗಿದ್ದದ್ದು ಪ್ರಾರ್ಥನೆ ಮತ್ತು ಬೈಬಲ್. ಅಂದರೆ ಕೆಲಸ ನಮ್ಮ ಕಾಲಕ್ಕೆ ಹತ್ತಿರದ್ದು, ಕಾರಣ ನಮ್ಮದಲ್ಲ. ಈಗಿನ ರಮ್ಯ ಕಾದಂಬರಿಗಳು ತಲೆಕೆಳಗು ಮಾಡುವುದು ಇದನ್ನೇ. ನಾಯಕಿಯ ಕಾರಣಗಳೆಲ್ಲ ಇವತ್ತಿನವು. ಆನಬೆಲ್ ಪಾದ್ರಿಯ ಮಗಳಾದರೂ ಅವಳ ತೀರ್ಮಾನಗಳಿಗೆ ದೇವರು ಹೆಚ್ಚುಕಡಿಮೆ ಅಡ್ಡಬರುವುದೇ ಇಲ್ಲ. ನಾರ್ಟನ್ ಅವರಂಥ ನಾಯಕಿಯನ್ನು, ಕಾನೂನನ್ನು ಬದಲಿಸಿಯೂ ತಾನು ಗಂಡಿಗಿಂತ ಕೆಳಗಿನವಳೆಂದು ನಂಬಿದ ಹೆಣ್ಣನ್ನು, ಈ ಪ್ರಕಾರ ಅರಗಿಸಿಕೊಳ್ಳಲಾರದು.

ಎರಡನೆಯ ಎಡವಟ್ಟು ಬೆಲೆಯದು. ಆನಬೆಲ್‌ಗೂ ಕಷ್ಟ ಬರುತ್ತದೆ. ಪ್ರತಿಭಟನೆಯಲ್ಲಿ ಸಿಕ್ಕಿಬಿದ್ದು ಜೈಲು ಸೇರುತ್ತಾಳೆ. (ಹೆಂಗಸರು ಪಾರ್ಲಿಮೆಂಟಿನ ಎದುರು ಗುಂಪಾಗಿ ಬಂಧನಕ್ಕೊಳಗಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇರಲಿ, ಇಷ್ಟು ಸ್ವಾತಂತ್ರ್ಯ ಕಾದಂಬರಿಗೆ ಸಲ್ಲುತ್ತದೆ.) ಬಿಡಿಸುವವನು ಡ್ಯೂಕ್. ಕೊನೆಗೆ ವಿವಾಹಿತೆಯರ ಆಸ್ತಿ ಕಾಯ್ದೆಯ ತಿದ್ದುಪಡಿಯ ಪರವಾಗಿ ಅವನೇ ಮಾತಾಡುತ್ತಾನೆ. ಹೆಣ್ಣಿನ ಹಕ್ಕು ಇಲ್ಲಿ ಒಬ್ಬ ಒಳ್ಳೆಯ ಗಂಡಸಿನ ಮನಃಪರಿವರ್ತನೆಯಾಗಿ ಮುಗಿದುಹೋಗುತ್ತದೆ. ಆ ಕಾನೂನಿನ ವಿಶೇಷವೇ ಬೇರೆ: ಗಂಡ ಒಳ್ಳೆಯವನೋ ಕೆಟ್ಟವನೋ ಅದಕ್ಕೆ ಸಂಬಂಧವಿರಲಿಲ್ಲ. 1870ರ ಕಾಯ್ದೆ ಹೆಂಡತಿಗೆ ಅವಳ ದುಡಿಮೆಯ ಹಣವನ್ನು ಬಿಟ್ಟುಕೊಟ್ಟಿತು. ಉಳಿದ ಆಸ್ತಿಯ ಮೇಲೆ ಪೂರ್ತಿ ಹಕ್ಕು ಬಂದದ್ದು 1882ರಲ್ಲಿ. ಅಲ್ಲಿಯವರೆಗೆ ದೇವರಂಥ ಗಂಡನ ಹೆಂಡತಿಯೂ ಅವನ ದಯೆಯಲ್ಲೇ ಬದುಕಬೇಕಿತ್ತು. ನಾಯಕನನ್ನು ಒಳ್ಳೆಯವನನ್ನಾಗಿ ಮಾಡಿದ ಕೂಡಲೇ ಈ ಸತ್ಯ ಮಬ್ಬಾಗುತ್ತದೆ. ಇನ್ನು ಡ್ಯೂಕರ ಸಂಖ್ಯೆ ಕೇಳಿದರೆ ನಗು ಬರುತ್ತದೆ. ರಾಜಮನೆತನದವರನ್ನು ಬಿಟ್ಟರೆ ಇಡೀ ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಮೂವತ್ತರ ಆಸುಪಾಸು ಡ್ಯೂಕರಿದ್ದರು, ಬಹಳಷ್ಟು ಮಂದಿ ವಯಸ್ಸಾದವರು, ಮದುವೆಯಾದವರು. ಕಾದಂಬರಿಗಳಲ್ಲಿ ಬೀದಿಗೊಬ್ಬ, ಎಲ್ಲರೂ ಅವಿವಾಹಿತರು, ಎಲ್ಲರಿಗೂ ಹಲ್ಲು ಪೂರ್ತಿ ಇದೆ.

ಆ ಕಾಲದವರೇ ಬರೆದದ್ದು ಹೇಗಿತ್ತು? ಆ್ಯನ್ ಬ್ರಾಂಟೆ ಅವರ ‘ದ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ (1848) ಕಾದಂಬರಿಯ ಹೆಲನ್, ಕುಡುಕ ಗಂಡನನ್ನು ಬಿಟ್ಟು ಮಗನೊಂದಿಗೆ ಓಡಿಹೋಗಿ ಚಿತ್ರ ಬರೆದು ಜೀವನ ಮಾಡುವ ಯೋಜನೆ ಹಾಕುತ್ತಾಳೆ. ಅವಳ ದಿನಚರಿ ಓದಿ ಗಂಡನಿಗೆ ಗುಟ್ಟು ಗೊತ್ತಾಗುತ್ತದೆ. ಅವನು ಕೂಗಾಡುವುದಿಲ್ಲ. ಅವಳ ಬೀಗದ ಕೈ ಕಿತ್ತುಕೊಂಡು, ಬಣ್ಣ, ಕುಂಚ, ಪ್ಯಾಲೆಟ್ಟು, ವಾರ್ನಿಶ್ಶನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತಾನೆ. ಎಣ್ಣೆ ಸುಯ್ಯೆಂದು ಉರಿದು ಚಿಮಣಿಗೇರುತ್ತದೆ. ಆಮೇಲೆ ಗಂಟೆ ಬಾರಿಸಿ ಆಳನ್ನು ಕರೆದು ಉಳಿದದ್ದನ್ನೂ ತೆಗೆಸುತ್ತಾನೆ. ಅವಳ ಹಣ, ಒಡವೆ ಅವನ ವಶ. ಈ ಪ್ರಕರಣ ಭಯಾನಕವಾಗಿರುವುದು ಅವನ ಕ್ರೌರ್ಯದಿಂದಷ್ಟೇ ಅಲ್ಲ; ಅವನು ಮಾಡಿದ ಯಾವುದೂ ಕಳ್ಳತನವಲ್ಲ ಎಂಬುದರಿಂದ. ಸುಟ್ಟಿದ್ದು ಕಾನೂನಿನ ಪ್ರಕಾರ ಅವನದೇ ಸಾಮಾನು. ಸ್ತ್ರೀಸ್ವಾತಂತ್ರ್ಯದ ಬಗ್ಗೆ ಭಾಷಣದ ಒಂದು ವಾಕ್ಯವೂ ಅಲ್ಲಿಲ್ಲ. ಡನ್ಮೋರ್ ಪುಟಗಟ್ಟಲೆ ಸಂಭಾಷಣೆಯಲ್ಲಿ ವಿವರಿಸುವ ಕಾಯ್ದೆಯನ್ನು ಬ್ರಾಂಟೆ ಒಂದು ಒಲೆಯ ಮುಂದೆ ತೋರಿಸಿಬಿಟ್ಟರು.

ಮುಂದೆ ಅದೇ ಗಂಡ ಸಾಯಲು ಬಿದ್ದಾಗ ಹೆಲನ್ ತಾನಾಗಿ ವಾಪಸು ಹೋಗಿ ಆರೈಕೆ ಮಾಡುತ್ತಾಳೆ, ಅವನ ಆತ್ಮ ಉಳಿಯಲೆಂದು. ಈಗಿನ ಓದುಗರಿಗೆ ಇಲ್ಲಿ ಸಿಟ್ಟು ಬರುತ್ತದೆ. ಬರಲಿ. ಅವಳು ನಮ್ಮವಳಲ್ಲ, ಅವಳ ಕಾಲದವಳು ಎಂಬುದು ನಮಗೆ ತಟ್ಟುವುದೇ ಅಲ್ಲಿ. ಹಾಗೆಯೇ ವಿಕ್ಟೋರಿಯನ್ ಕಾದಂಬರಿಗಳಲ್ಲಿ ಎಷ್ಟೊಂದು ಗಂಡಂದಿರು ಹೆಂಡಂದಿರು ಸರಿಯಾದ ಹೊತ್ತಿಗೆ ಸಾಯುತ್ತಾರೆ ಗಮನಿಸಿ: ಹೆಲನ್ನಳ ಗಂಡ, ‘ಮಿಡಲ್‌ಮಾರ್ಚ್’ನ ಕಸಾಬನ್, ‘ಜೇನ್ ಏರ್’ನ ರಾಚೆಸ್ಟರನ ಹುಚ್ಚು ಹೆಂಡತಿ ಬರ್ತಾ. ಕಥೆ ಹೆಣೆಯಲು ಬಾರದೆ ಹೀಗೆ ಮಾಡಿದ್ದಲ್ಲ. 1857ರ ತನಕ ಸಾಮಾನ್ಯರಿಗೆ ವಿಚ್ಛೇದನ ಕನಸಿನ ಮಾತು. ಆಮೇಲೂ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಈ ತಾರತಮ್ಯ ತಪ್ಪಿದ್ದು 1923ರಲ್ಲಿ. ಹಾಗಾಗಿ ಬಿಡುಗಡೆಯ ಬಾಗಿಲೆಂದರೆ ಸಾವೊಂದೇ.

ಹಾಗಂತ ಹಳೆಯದೆಲ್ಲ ಸತ್ಯ, ಹೊಸದೆಲ್ಲ ಸುಳ್ಳು ಎನ್ನುವುದೂ ತಪ್ಪು. ಮೂರು ಸಂಪುಟದ ಕಾದಂಬರಿಯ ಬೆಲೆ ಆಗ ಒಂದೂವರೆ ಪೌಂಡಿಗೂ ಮೇಲೆ. ಜನ ಕೊಳ್ಳುತ್ತಿರಲಿಲ್ಲ, ಮ್ಯೂಡಿಯ ಲೈಬ್ರರಿಯಿಂದ ವರ್ಷಕ್ಕೊಂದು ಗಿನಿ ಚಂದಾ ಕೊಟ್ಟು ತರುತ್ತಿದ್ದರು. ಮ್ಯೂಡಿ ಬೇಡವೆಂದ ಪುಸ್ತಕ ಮುಳುಗಿದಂತೆಯೇ. ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಬಹುದೇ ಎಂಬ ಆ ಜರಡಿಯಲ್ಲಿ ಹೆಣ್ಣಿನ ಕಾಮನೆ, ಬಸಿರು, ಬಾಣಂತನ ಎಲ್ಲ ಸೋಸಿಹೋದವು. ಅವನ್ನು ಪುಟದ ಮೇಲೆ ತಂದದ್ದು ಈಗಿನ ಲೇಖಕಿಯರ ದೊಡ್ಡ ಕೆಲಸ, ಅದರಲ್ಲೂ ಕೋರ್ಟ್ನಿ ಮಿಲನ್ ಅವರದು.

ಅವರ ‘ದ ಕೌಂಟೆಸ್ ಕಾನ್‌ಸ್ಪಿರಸಿ’ (2013) ಕಾದಂಬರಿಯ ವಯಲೆಟ್ ವಿಧವೆ, ವಿಜ್ಞಾನಿ. ಗಿಡಗಳ ವಂಶವಾಹಿನಿಯ ಕುರಿತ ಅವಳ ಸಂಶೋಧನೆಯನ್ನು ಗೆಳೆಯ ಸೆಬಾಸ್ಟಿಯನ್ ತನ್ನದೆಂದು ಲೋಕದ ಮುಂದಿಡುತ್ತಿರುತ್ತಾನೆ. 1860ರ ದಶಕದಲ್ಲಿ ಅವಳು ಕಂಡುಕೊಳ್ಳುವುದನ್ನು ನಿಜವಾದ ವಿಜ್ಞಾನ ತಲುಪಿದ್ದು ದಶಕಗಳ ನಂತರ. ಲೆಕ್ಕ ಹಾಕಿದರೆ ಇದು ದೊಡ್ಡ ಕಾಲದೋಷ. ಆದರೂ ಈ ಪುಸ್ತಕ ಡನ್ಮೋರ್ ಅವರದಕ್ಕಿಂತ ಎಷ್ಟೋ ಪಾಲು ನಿಜವೆನಿಸುತ್ತದೆ, ಏಕೆಂದರೆ ವಯಲೆಟ್‌ಗೆ ಒಂದು ಭಯವಿದೆ. ಸತ್ತ ಗಂಡ ವಂಶೋದ್ಧಾರಕನಿಗಾಗಿ ಹಟ ಹಿಡಿದು, ಗರ್ಭಪಾತದ ಮೇಲೆ ಗರ್ಭಪಾತವಾಗಿ ಅವಳ ಜೀವಕ್ಕೇ ಕುತ್ತು ಬಂದಿತ್ತು. ಈಗ ಪ್ರೀತಿಸುವವನು ಮುಟ್ಟಲು ಬಂದರೂ ಮೈ ಹಿಂಜರಿಯುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಸಾವಿರ ಹೆರಿಗೆಗೆ ನಾಲ್ಕೈದು ತಾಯಂದಿರು ಸಾಯುತ್ತಿದ್ದರು. ‘ಜೇನ್ ಏರ್’ ಬರೆದ ಶಾರ್ಲಟ್ ಬ್ರಾಂಟೆ ಅವರೇ ಮದುವೆಯಾಗಿ ಒಂಬತ್ತು ತಿಂಗಳಿಗೆ, 1855ರಲ್ಲಿ, ಬಸುರಿಯಾಗಿದ್ದಾಗಲೇ ಹೋದರು. ರಮ್ಯ ಕಾದಂಬರಿಗಳ ಕೊನೆಯ ಅಧ್ಯಾಯದಲ್ಲಿ ತೊಟ್ಟಿಲು ತೂಗದೆ ಇರುವುದು ಅಪರೂಪ. ಆ ತೊಟ್ಟಿಲ ಹಿಂದಿನ ಭಯವನ್ನೇ ಪ್ರೇಮದ ತಡೆಯಾಗಿ ನಿಲ್ಲಿಸಿದ್ದು ಮಿಲನ್ ಅವರ ಜಾಣ್ಮೆ.

ಮೇಲು-ಕೀಳಿನ ಪ್ರೇಮದ ವಿಷಯಕ್ಕೆ ಬಂದರೆ ಮಾತ್ರ ಮಿಲನ್ ಸೇರಿದಂತೆ ಎಲ್ಲರೂ ಚೊಕ್ಕಟ ಮಾಡಿಯೇ ಬಡಿಸುತ್ತಾರೆ. ಇದರ ಅಸಲಿ ರೂಪ ನೋಡಬೇಕೆಂದರೆ ಹ್ಯಾನಾ ಕಲ್ವಿಕ್ ಅವರ ದಿನಚರಿ ತೆರೆಯಬೇಕು. ಅವರು ಮನೆಗೆಲಸದ ಹೆಂಗಸು. ಆರ್ಥರ್ ಮನ್‌ಬಿ ವಕೀಲಿಕೆ ಓದಿದ ಕವಿ. 1854ರಲ್ಲಿ ಪರಿಚಯ, 1873ರಲ್ಲಿ ಗುಟ್ಟಾಗಿ ಮದುವೆ. ಮದುವೆಯಾದ ಮೇಲೂ ಹ್ಯಾನಾ ಅವನ ಮನೆಯಲ್ಲಿ ಆಳಾಗಿಯೇ ಕೆಲಸ ಮಾಡಿದರು. ಶ್ರೀಮತಿಯಾಗಿ ಮೆರೆಯುವುದು ಅವರಿಗೇ ಬೇಕಿರಲಿಲ್ಲ. ಕುತ್ತಿಗೆಗೆ ಬೀಗ ಹಾಕಿದ ಸರಪಳಿ, ಬೀಗದ ಕೈ ಮನ್‌ಬಿಯ ಬಳಿ. ಮೈಗೆಲ್ಲ ಮಸಿ ಬಳಿದುಕೊಂಡು ಅವನ ಮುಂದೆ ನಿಲ್ಲುವುದು. ಎಷ್ಟು ಜೊತೆ ಬೂಟು ಉಜ್ಜಿದೆನೆಂದು ಹೆಮ್ಮೆಯಿಂದ ಬರೆದಿಡುವುದು. ಇದು ದೌರ್ಜನ್ಯವೋ, ಆಟವೋ, ಪ್ರೇಮವೋ, ದುಡಿಮೆಯ ಬಗ್ಗೆ ಹ್ಯಾನಾ ಅವರಿಗಿದ್ದ ಅಭಿಮಾನವೋ? ಮೂಗು ಮುರಿಯದೆ, ಮರುಕವನ್ನೂ ಪಡದೆ ಇದನ್ನು ಬರೆಯುವ ಕಾದಂಬರಿಕಾರರನ್ನು ನಾನಂತೂ ಈ ಪ್ರಕಾರದಲ್ಲಿ ಕಂಡಿಲ್ಲ. 1851ರ ಜನಗಣತಿಯಲ್ಲಿ ಮನೆಗೆಲಸದವರೇ ಹತ್ತು ಲಕ್ಷಕ್ಕೂ ಹೆಚ್ಚು. ರಮ್ಯ ಕಾದಂಬರಿಗಳಲ್ಲಿ ಅವರು ಬಾಗಿಲು ತೆರೆಯುತ್ತಾರೆ, ಸ್ನಾನಕ್ಕೆ ಬಿಸಿನೀರು ತರುತ್ತಾರೆ, ಹೊರಟುಹೋಗುತ್ತಾರೆ.

ಇಂಡಿಯಾದ ಪಾಡೂ ಬಹುಪಾಲು ಅದೇ: ನಾಯಕನ ಶಾಲು, ಚಹಾ, ಸ್ನೇಹಿತನ ಹಣದ ಮೂಲ. ಮಿಲನ್ ಅವರ ‘ದ ಏರೆಸ್ ಎಫೆಕ್ಟ್’ ಇದಕ್ಕೊಂದು ಅಪವಾದ. ಕೇಂಬ್ರಿಜ್ಜಿನಲ್ಲಿ ಕಾನೂನು ಓದುವ ಅಂಜನ್ ಭಟ್ಟಾಚಾರ್ಯನಿಗೂ ನಾಯಕಿಯ ತಂಗಿ ಎಮಿಲಿಗೂ ಅಲ್ಲಿ ಪ್ರೀತಿಯಾಗುತ್ತದೆ. ಮೂರ್ಛೆರೋಗದ ಹುಡುಗಿ, ಪರದೇಶದ ಹುಡುಗ. ಇಬ್ಬರಿಗೂ ಇನ್ನೊಬ್ಬರ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇರುವುದು ಗೊತ್ತು. ಆ ಭಾಗ ಚೆನ್ನಾಗಿದೆ, ಆದರೆ ಉಪಕಥೆಯಾಗಿಯೇ ಉಳಿಯಿತು.

ವಿಕ್ಟೋರಿಯಾ ರಾಣಿಯ ಆಳ್ವಿಕೆ ಅಂದರೆ ನಮ್ಮ ಕಾಲವೂ ಹೌದು ಎಂಬುದನ್ನು ರುಖ್ಮಾಬಾಯಿ ಅವರ ಮೊಕದ್ದಮೆ ತೋರಿಸುತ್ತದೆ. ಹನ್ನೊಂದಕ್ಕೆ ಮದುವೆಯಾಗಿದ್ದ ಅವರು ಗಂಡನ ಮನೆಗೆ ಹೋಗಲೊಪ್ಪಲಿಲ್ಲ. ಅವನು 1884ರಲ್ಲಿ ಬೊಂಬಾಯಿಯಲ್ಲಿ ದಾವೆ ಹೂಡಿದ. 1887ರಲ್ಲಿ ಕೋರ್ಟು, ಗಂಡನ ಹತ್ತಿರ ಹೋಗು, ಇಲ್ಲದಿದ್ದರೆ ಆರು ತಿಂಗಳ ಸೆರೆ ಎಂದಿತು. ವೈವಾಹಿಕ ಹಕ್ಕಿನ ಈ ದಾವೆ ಇಂಗ್ಲೆಂಡಿನಿಂದ ಬಂದ ಸರಕು. ಅಲ್ಲಿ ಇದಕ್ಕಿದ್ದ ಸೆರೆವಾಸವನ್ನು 1884ರಲ್ಲೇ ತೆಗೆದುಹಾಕಿದ್ದರು, ಇಲ್ಲಿ ಉಳಿಸಿಕೊಂಡಿದ್ದರು. ರುಖ್ಮಾಬಾಯಿ ಜೈಲಿಗೆ ಸಿದ್ಧರಾದರು. 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಮರುವರ್ಷ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ ಡಾಕ್ಟರಾಗಿ ಮರಳಿದರು. ಆನಬೆಲ್ ಎದುರಿಸದ ಪ್ರಶ್ನೆ ಅವರ ಮುಂದಿತ್ತು, ಬಿಡಿಸಲು ಡ್ಯೂಕ್ ಇರಲಿಲ್ಲ.

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟು. ಡನ್ಮೋರ್ ಲವಲವಿಕೆಯಿಂದ ಬರೆಯುತ್ತಾರೆ, ರೈಲು ಪ್ರಯಾಣಕ್ಕೆ ಒಳ್ಳೆಯ ಜೊತೆ; ಆದರೆ ಅವರ 1879ರಲ್ಲಿ ಭೂತಕಾಲ ಬರೀ ಪರದೆ. ಮಿಲನ್ ಅವರ ಕೌಂಟೆಸ್ ಇಸವಿಯನ್ನು ತಪ್ಪಿಸಿಯೂ ಕಾಲವನ್ನು ಹಿಡಿದಿದ್ದಾಳೆ, ಈ ಪ್ರಕಾರದಲ್ಲಿ ಒಂದನ್ನೇ ಓದುವುದಾದರೆ ಅದನ್ನು ಓದಿ. ಎರಡಕ್ಕೂ ಮೊದಲು ಆ್ಯನ್ ಬ್ರಾಂಟೆ ಅವರನ್ನು ಓದುವುದು ಉತ್ತಮ. ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಅದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.