ಅದೂ ಇಲ್ಲ, ಇದೂ ಇಲ್ಲ: ಜೋಡಿ ನಿಷೇಧವೂ ಕನ್ನಡ ವ್ಯಾಕರಣವೂ

ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಅಲ್ಲಗಳೆಯುವ ವಾಕ್ಯವನ್ನು ಜೋಡಿ ನಿಷೇಧ ಎನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕೆಂದೇ ‘ನೈದರ್–ನಾರ್’ ಎಂಬ ಮೀಸಲು ಜೋಡಿಯಿದೆ. ಜಪಾನಿ ಭಾಷೆಯಲ್ಲಿ ಎರಡೂ ನಾಮಪದಗಳಿಗೆ ‘ಮೊ’ ಹತ್ತಿ, ಕೊನೆಯ ಕ್ರಿಯಾಪದ ನಿಷೇಧರೂಪದಲ್ಲಿ ಬರುತ್ತದೆ. ಕನ್ನಡದಲ್ಲಿ ಬಸವನಗುಡಿಯ ಅಡುಗೆಮನೆಯಿಂದ ಚಾಮರಾಜಪೇಟೆಯ ಸಭಾಭವನದವರೆಗೆ ದಿನವೂ ಕಿವಿಗೆ ಬೀಳುವ ರಚನೆ ಇದು: ಕಾಫೀನೂ ಬೇಡ, ಟೀನೂ ಬೇಡ, ಬರ್ಲೂ ಇಲ್ಲ, ಫೋನೂ ಮಾಡ್ಲಿಲ್ಲ. ಇಷ್ಟು ಬಳಕೆಯಲ್ಲಿರುವ ರಚನೆಗೆ ಕನ್ನಡ ವ್ಯಾಕರಣ ಪರಂಪರೆ ಕೊಟ್ಟಿರುವ ಗಮನ ತೀರ ಕಡಿಮೆ. ಆ ಕೊರತೆಯನ್ನು ಶಾಲಾ ಕೈಪಿಡಿಗಳೂ ಅನುವಾದಕರೂ ತುಂಬಿಕೊಂಡ ಬಗೆ ಇನ್ನೂ ಕಳಪೆ.

ಪರಂಪರೆಯ ಮಾತು ಬಂದೊಡನೆ ಕೇಶಿರಾಜನ ಹೆಸರು ಬರುತ್ತದೆ. ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಎಲ್ಲವೂ ಇದೆ ಎನ್ನುವವರು ಇಂದಿಗೂ ಕಡಿಮೆಯಿಲ್ಲ. ಆದರೆ ಅದರ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳಲ್ಲಿ ವಾಕ್ಯಕ್ಕೆಂದು ಒಂದು ಪ್ರಕರಣವೂ ಇಲ್ಲ. ಗ್ರಂಥದ ಹೆಸರೇ ಶಬ್ದದ್ದು, ಆದ್ದರಿಂದ ಇದು ಕೇಶಿರಾಜನ ದೋಷವಲ್ಲ. ಏಳು ಶತಮಾನ ಕಳೆದರೂ ಅವನ ಚೌಕಟ್ಟನ್ನೇ ಇಡೀ ವ್ಯಾಕರಣವೆಂದು ಪಾಠ ಹೇಳಿದವರ ದೋಷ. 1872ರಲ್ಲಿ ಆ ಗ್ರಂಥವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್, 1903ರ ತನ್ನ ವ್ಯಾಕರಣದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ. ನಿಷೇಧರೂಪಗಳು ಹೇಗೆ ಬದಲಾದವು ಎಂದು ತಿಳಿಯಬಯಸುವವರಿಗೆ ಆ ಪುಸ್ತಕ ಈಗಲೂ ಉಪಯುಕ್ತ. ಆದರೆ ಕಿಟೆಲ್ ಎಂದರೆ ನಮ್ಮವರಿಗೆ 1894ರ ನಿಘಂಟು ಮಾತ್ರ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಹೊರತಂದ ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಈ ಜಗಳಕ್ಕೆ ಎಳೆಯಬೇಕಿಲ್ಲ; ಪದಕೋಶದಿಂದ ವಾಕ್ಯದ ಲೆಕ್ಕ ಕೇಳುವುದು ನ್ಯಾಯವಲ್ಲ.

ಕನ್ನಡದ ಜೋಡಿ ನಿಷೇಧದ ಜೀವ ಇರುವುದು ‘ಊ’ ಎಂಬ ಒಂದೇ ಪ್ರತ್ಯಯದಲ್ಲಿ. ಇದು ನಿಷೇಧದ ಗುರುತಲ್ಲ. ‘ರಾಮನೂ ಸೀತೆಯೂ ಬಂದರು’ ಎಂಬಲ್ಲಿ ಇರುವ ‘ಊ’ ತಾನೇ ‘ರಾಮನೂ ಸೀತೆಯೂ ಬರಲಿಲ್ಲ’ ಎಂಬಲ್ಲೂ ಇರುವುದು. ನಿಷೇಧದ ಭಾರವೆಲ್ಲ ಕ್ರಿಯಾಪದದ ಮೇಲೆ. ಒಂಟಿಯಾಗಿ ‘ರಾಮನೂ ಬರಲಿಲ್ಲ’ ಎಂದರೆ ಬಾರದ ಇನ್ನೊಬ್ಬರು ಯಾರೋ ಇದ್ದಾರೆ ಎಂಬ ಸೂಚನೆ ಇರುತ್ತದೆ. ‘ರಾಮನೂ ಬರಲಿಲ್ಲ, ಸೀತೆಯೂ ಬರಲಿಲ್ಲ’ ಎಂದಾಗ ಆ ಇನ್ನೊಬ್ಬರ ಜಾಗವನ್ನು ಎರಡು ವಾಕ್ಯಗಳೂ ಒಂದಕ್ಕೊಂದು ತುಂಬಿಕೊಡುತ್ತವೆ. ಒಂದು ಕಡೆಯ ‘ಊ’ ಬಿಟ್ಟರೆ ಜೋಡಿ ಕಳಚುತ್ತದೆ.

ಇನ್ನೂ ಸೂಕ್ಷ್ಮವಾದದ್ದು ‘ಊ’ ಎಲ್ಲಿ ಕೂರುತ್ತದೆ ಎಂಬುದು. ಅಲ್ಲಗಳೆಯುವುದು ವ್ಯಕ್ತಿ ಅಥವಾ ವಸ್ತುವನ್ನಾದರೆ ಅದು ನಾಮಪದಕ್ಕೆ ಹತ್ತುತ್ತದೆ. ಕ್ರಿಯೆಯನ್ನೇ ಅಲ್ಲಗಳೆಯಬೇಕಾದರೆ ಕ್ರಿಯಾಪದವನ್ನು ಸೀಳಿ ಒಳಗೆ ಹೋಗುತ್ತದೆ. ‘ಬರಲಿಲ್ಲ’ ಎಂಬುದು ‘ಬರಲೂ ಇಲ್ಲ’ ಆಗುತ್ತದೆ, ‘ತಿನ್ನುವುದಿಲ್ಲ’ ಎಂಬುದು ‘ತಿನ್ನುವುದೂ ಇಲ್ಲ’. ಬೆಂಗಳೂರಿನ ಆಡುಮಾತಿನ ‘ಹೋಗಲ್ಲ’, ‘ತಿನ್ನಲ್ಲ’ ಎಂಬ ಕುಗ್ಗಿದ ರೂಪಗಳಲ್ಲಿ ಈ ಸೀಳಿಗೆ ಜಾಗವಿಲ್ಲ. ಆದ್ದರಿಂದ ಅದೇ ಬಾಯಿ, ಜೋಡಿ ಮಾಡುವಾಗ, ಕುಗ್ಗಿದ್ದನ್ನು ಬಿಡಿಸಿ ‘ಹೋಗೋದೂ ಇಲ್ಲ, ಬರೋದೂ ಇಲ್ಲ’ ಎನ್ನುತ್ತದೆ. ಯಾವ ಶಾಲೆಯೂ ಕಲಿಸದ ಈ ನಿಯಮವನ್ನು ಯಾರೂ ತಪ್ಪುವುದಿಲ್ಲ. ಹಳೆಯ ‘ಬಾರನು’, ‘ತಿನ್ನನು’ ರೂಪಗಳಲ್ಲೂ ಇದೇ ತೊಡಕು: ಧಾತು, ನಿಷೇಧ, ಪುರುಷ ಮೂರೂ ಒಂದೇ ಪದದಲ್ಲಿ ಬೆಸೆದಿರುವಾಗ ‘ಊ’ ನುಗ್ಗುವುದೆಲ್ಲಿ? ‘ಇಲ್ಲ’ ಬೇರೆಯಾಗಿ ನಿಂತದ್ದರಿಂದ ಹೊಸಗನ್ನಡಕ್ಕೆ ಈ ಸಡಿಲ ಸಿಕ್ಕಿತು. ಹಳೆಯ ನಿಷೇಧರೂಪ ಹೋಯಿತೆಂದು ಹಲುಬುವ ಶೈಲಿಪ್ರಿಯರು ಈ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

‘ಇಲ್ಲ’ದಿಂದ ಇನ್ನೊಂದು ಅನುಕೂಲವೂ ಆಗಿದೆ. ಇಂಗ್ಲಿಷಿನಲ್ಲಿ ‘ಅವನೂ ಅಲ್ಲ, ನಾನೂ ಅಲ್ಲ’ ಎಂಬರ್ಥದ ಕರ್ತೃಪದ ಬಂದರೆ ಕ್ರಿಯಾಪದ ಯಾರಿಗೆ ಹೊಂದಬೇಕು ಎಂಬ ಪೇಚು ಇದೆ. ಹತ್ತಿರದವರಿಗೆ ಹೊಂದಬೇಕು ಎಂಬ ನಿಯಮವನ್ನು ಮಕ್ಕಳು ಉರು ಹೊಡೆಯುತ್ತಾರೆ. ಕನ್ನಡದ ‘ಬರಲಿಲ್ಲ’ ಎಂಬುದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ, ಪುರುಷವೂ ಇಲ್ಲ. ಆ ಪೇಚೂ ಇಲ್ಲ. ಪುರುಷಪ್ರತ್ಯಯ ಉಳಿದಿರುವ ‘ಆರ’ ರೂಪದಲ್ಲಿ ಮಾತ್ರ ಅದು ಮರಳುತ್ತದೆ: ‘ನಾನೂ ಹೋಗಲಾರೆ, ಅವನೂ ಹೋಗಲಾರ’ ಎಂದು ಎರಡು ಸಲ ಹೇಳಬೇಕು, ಇಲ್ಲವೇ ‘ಇಬ್ಬರೂ ಹೋಗಲಾರೆವು’ ಎಂದು ಒಟ್ಟು ಮಾಡಬೇಕು.

ಶಾಲಾ ಕೈಪಿಡಿಗಳು ‘ನೈದರ್–ನಾರ್’ಗೆ ಸಮವೆಂದು ಕೊಡುವುದು ‘ಊ’ವನ್ನಲ್ಲ, ‘ಆಗಲಿ–ಆಗಲಿ’ಯನ್ನು. ಎರಡು ಬಿಡಿ ಪದಗಳಿಗೆ ಎರಡು ಬಿಡಿ ಪದಗಳು ಸಿಕ್ಕವು ಎಂಬ ಸಮಾಧಾನ ಇದರ ಹಿಂದಿದೆ. ‘ಆಗಲಿ’ಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ: ‘ರಾಮನಾಗಲಿ ಸೀತೆಯಾಗಲಿ’ ಎಂದೊಡನೆ ಮುಂದೆ ‘ಬಂದರು’ ಬರಲಾರದು ಎಂದು ಕೇಳುಗನಿಗೆ ಗೊತ್ತಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಇಂಥ ಮುನ್ಸೂಚನೆ ದೊಡ್ಡ ಸವಲತ್ತು, ಉದ್ದನೆಯ ಕಾನೂನು ವಾಕ್ಯಗಳಲ್ಲಂತೂ ಸರಿಯೇ. ಆದರೆ ‘ಆಗಲಿ’ಯಲ್ಲೂ ನಿಷೇಧವಿಲ್ಲ. ‘ನೀನಾಗಲಿ ಅವನಾಗಲಿ ಬನ್ನಿ’ ಎಂಬುದು ಸರಿಯಾದ ಕನ್ನಡ, ಅಲ್ಲಿ ಅದು ಆಯ್ಕೆಯ ಅರ್ಥ ಕೊಡುತ್ತದೆ. ಅದನ್ನು ನಿಷೇಧದ ಜೋಡಿ ಎಂದು ಕಲಿಸಿದ್ದರಿಂದ, ಮನೆಮಾತಿನಲ್ಲಿ ಎಂದೂ ಬಾರದ ಕಡೆಯೆಲ್ಲ ‘ಆಗಲಿ’ ತುರುಕುವ ಒಂದು ಪತ್ರಿಕಾ ಗದ್ಯ ಹುಟ್ಟಿಕೊಂಡಿತು. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬ ಗಾದೆಯನ್ನು ‘ಹಾವಾಗಲಿ ಸಾಯಬಾರದು, ಕೋಲಾಗಲಿ ಮುರಿಯಬಾರದು’ ಎಂದು ಮಾಡಿ ನೋಡಿದರೆ ಸಾಕು, ನಗೆ ಬರುತ್ತದೆ. ‘ಆಗಲಿ’ಯ ಅಂಗಗಳು ಒಂದೇ ಕ್ರಿಯಾಪದವನ್ನು ಹಂಚಿಕೊಳ್ಳಬೇಕು, ‘ಊ’ಗೆ ಆ ಕಟ್ಟುಪಾಡಿಲ್ಲ.

ಜಪಾನಿ ಭಾಷೆಯ ಹೋಲಿಕೆ ಇಲ್ಲಿ ನೆರವಾಗುತ್ತದೆ. ‘ಕೋಹೀ ಮೊ ಕೋಚಾ ಮೊ ನೊಮನೈ’ ಎಂಬ ವಾಕ್ಯವನ್ನು ಒಂದು ಪದವನ್ನೂ ಕದಲಿಸದೆ ‘ಕಾಫಿಯೂ ಚಹಾವೂ ಕುಡಿಯುವುದಿಲ್ಲ’ ಎಂದು ಕನ್ನಡಕ್ಕೆ ಇಳಿಸಬಹುದು. ‘ಮೊ’ ಕೂಡ ನಿಷೇಧದ ಗುರುತಲ್ಲ, ‘ಊ’ದಂತೆ ಸಮುಚ್ಚಯದ್ದು. ಪ್ರಶ್ನೆಪದಕ್ಕೆ ಹತ್ತಿದಾಗಲೂ ಎರಡರದ್ದು ಒಂದೇ ನಡೆ: ‘ದಾರೆ’ ಎಂದರೆ ಯಾರು, ‘ದಾರೆ ಮೊ’ ಜತೆಗೆ ನಿಷೇಧ ಬಂದರೆ ‘ಯಾರೂ ಇಲ್ಲ’. ‘ಉಣ್ಣದೆ ತಿನ್ನದೆ’ ಎಂಬ ಜೋಡಿಗೆ ‘ನೊಮಾಜು ಕುವಾಜು’ ಎಂಬ ಜೋಡಿ ಎದುರಾಗಿ ನಿಲ್ಲುತ್ತದೆ. ಅದರ ಅರ್ಥ ಕುಡಿಯದೆ ತಿನ್ನದೆ. ಎರಡು ಕಡೆಯೂ ಸಂಯೋಜಕ ಪದವಿಲ್ಲ, ನಿಷೇಧ ಕೃದಂತವೇ ಸಾಲುಗಟ್ಟುತ್ತದೆ.

ಇಷ್ಟನ್ನು ಕಂಡು ಹಿಗ್ಗುವ ಒಂದು ಪಂಥವಿದೆ. ಜಪಾನಿನ ಭಾಷಾವಿಜ್ಞಾನಿ ಓನೊ ಸುಸುಮು (1919–2008) ಜಪಾನಿ ಭಾಷೆಗೂ ತಮಿಳಿಗೂ ರಕ್ತಸಂಬಂಧ ಇದೆ ಎಂದು ದಶಕಗಳ ಕಾಲ ವಾದಿಸಿದರು. ತಮಿಳಿಗೆ ನೆಂಟಸ್ತನ ಸಿಕ್ಕ ಮೇಲೆ ಕನ್ನಡಕ್ಕೂ ಸಿಗಬೇಕಲ್ಲ ಎಂದು ನಮ್ಮ ‘ಊ’ಗೆ ಸಮನಾದ ತಮಿಳಿನ ‘ಉಮ್’ಗೂ ‘ಮೊ’ಗೂ ಗಂಟು ಹಾಕುವ ಉತ್ಸಾಹಿಗಳು ನಮ್ಮಲ್ಲೂ ಇದ್ದಾರೆ. ಭಾಷಾವಿಜ್ಞಾನಿಗಳಲ್ಲಿ ಬಹುಮಂದಿ ಓನೊ ಅವರ ವಾದವನ್ನು ಒಪ್ಪಿಲ್ಲ. ಜೋಡಿ ನಿಷೇಧವಂತೂ ಆ ವಾದಕ್ಕೆ ಸಾಕ್ಷಿಯಾಗದು. ಕೊರಿಯನ್ ಭಾಷೆಯ ‘ದೊ’ ಕೂಡ ಹೀಗೆಯೇ ನಡೆಯುತ್ತದೆ. ಕ್ರಿಯಾಪದ ಕೊನೆಗೆ ಬರುವ, ಪ್ರತ್ಯಯ ಹಚ್ಚುವ ಭಾಷೆಗಳು ಒಂದೇ ದಾರಿ ಹಿಡಿಯಲು ಒಂದೇ ತಾಯಿ ಬೇಕಿಲ್ಲ. ಹೋಲಿಕೆ ಮುರಿಯುವ ಕಡೆಯನ್ನೂ ನೋಡಬೇಕು. ಜಪಾನಿಯಲ್ಲಿ ‘ಕಾನೆ ಮೊ ನಾಕೆರೆಬ ಹಿಮಾ ಮೊ ನೈ’ ಎಂದರೆ ಹಣವೂ ಇಲ್ಲ, ಬಿಡುವೂ ಇಲ್ಲ ಎಂದೇ ಅರ್ಥ. ಮೊದಲ ಅಂಗ ಮಾತ್ರ ‘ಇಲ್ಲದಿದ್ದರೆ’ ಎಂಬ ರೂಪದಲ್ಲಿದೆ. ಕನ್ನಡದಲ್ಲಿ ‘ಹಣವಿಲ್ಲದಿದ್ದರೆ ಬಿಡುವೂ ಇಲ್ಲ’ ಎಂದರೆ ಅದು ಷರತ್ತು, ಜೋಡಿಯಲ್ಲ. ಇನ್ನು ‘ಇಲ್ಲ’ ಮತ್ತು ‘ಅಲ್ಲ’ಗಳ ಭೇದ. ‘ಹಾಲೂ ಇಲ್ಲ, ನೀರೂ ಇಲ್ಲ’ ಎಂದರೆ ಪಾತ್ರೆ ಬರಿದು. ‘ಹಾಲೂ ಅಲ್ಲ, ನೀರೂ ಅಲ್ಲ’ ಎಂದರೆ ಪಾತ್ರೆಯಲ್ಲಿ ಮತ್ತೇನೋ ಇದೆ. ಜಪಾನಿ ಭಾಷೆ ಎರಡಕ್ಕೂ ‘ನೈ’ಯನ್ನೇ ಬಳಸಿ, ಎರಡನೆಯದಕ್ಕೆ ‘ದೆ’ ಸೇರಿಸಿ ಕೆಲಸ ಸಾಗಿಸುತ್ತದೆ. ರಕ್ತಸಂಬಂಧ ಹುಡುಕುವವರು ಈ ಮುರಿವುಗಳ ಬಗ್ಗೆ ಮಾತನಾಡುವುದಿಲ್ಲ.

ಹೋಲಿಕೆಯನ್ನು ಶಿಸ್ತಾಗಿ ಮಾಡಲು ಸಾಮಗ್ರಿ ಇಲ್ಲದೆ ಏನಿಲ್ಲ. ಭಾಷಾವಿಜ್ಞಾನಿಗಳಾದ ಕಾಮ್ರಿ ಮತ್ತು ಸ್ಮಿತ್ 1977ರಲ್ಲಿ ರೂಪಿಸಿದ ಒಂದೇ ಪ್ರಶ್ನಾವಳಿಯನ್ನು ಹಿಡಿದು ಜಾನ್ ಹೈಂಡ್ಸ್ 1986ರಲ್ಲಿ ಜಪಾನಿ ವ್ಯಾಕರಣವನ್ನೂ, ಎಸ್.ಎನ್. ಶ್ರೀಧರ್ 1990ರಲ್ಲಿ ಕನ್ನಡ ವ್ಯಾಕರಣವನ್ನೂ ಬರೆದರು. ಎರಡನ್ನೂ ಪಕ್ಕದಲ್ಲಿಟ್ಟು ಓದಬಹುದು. ಆದರೆ ಆ ಪ್ರಶ್ನಾವಳಿಯಲ್ಲಿ ಜೋಡಣೆಗೊಂದು, ನಿಷೇಧಕ್ಕೊಂದು ಬೇರೆ ತಲೆಬರಹ; ಎರಡೂ ಕೂಡುವ ಕಡೆ ಪ್ರಶ್ನೆ ಹೋಳಾಗುತ್ತದೆ. ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಬಂದಾಗ ಎದ್ದ ಗದ್ದಲ ಹೆಚ್ಚಾಗಿ ಸಂಸ್ಕೃತದ ಋಣ ಎಷ್ಟು ಎಂಬುದರ ಸುತ್ತಲೇ ಸುತ್ತಿತು, ಮುಂದೆ ಮಹಾಪ್ರಾಣ ಅಕ್ಷರಗಳ ಕಡೆಗೆ ಹೊರಳಿತು. ವಾಕ್ಯವನ್ನು ವಾಕ್ಯವಾಗಿ ನೋಡಿ ಎಂಬ ಅವರ ಮುಖ್ಯ ಬೇಡಿಕೆಗೆ ಪರ–ವಿರೋಧ ಎರಡು ಬಣಗಳೂ ಕಿವಿಗೊಡಲಿಲ್ಲ. ಶ್ರೀಮಂತ ವಾದವೊಂದು ಅಕ್ಷರಮಾಲೆಯ ಜಗಳದಲ್ಲಿ ಸವೆದುಹೋಯಿತು.

ಇಂಗ್ಲಿಷ್ ಕಲಿಕೆಯಲ್ಲಿ ಈ ಅಲಕ್ಷ್ಯದ ಫಲ ಕಾಣುತ್ತದೆ. ಕನ್ನಡ ಮಾತಿನ ಮಗು ‘ನೈದರ್–ನಾರ್’ ಬರೆದು ಕ್ರಿಯಾಪದಕ್ಕೂ ‘ನಾಟ್’ ಹಚ್ಚುತ್ತದೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಇಂದಿಗೂ ರಾಶಿ ಬಿದ್ದಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ನಿಯಮವನ್ನು ಕೊಡುತ್ತದೆಯೇ ಹೊರತು, ಕನ್ನಡದ ಮಗುವಿಗೆ ಈ ತಪ್ಪು ಎಲ್ಲಿಂದ ಬರುತ್ತದೆ ಎಂದು ಹೇಳುವುದು ಅದರ ಕೆಲಸವಲ್ಲ. ಆ ಕೆಲಸ ಇಲ್ಲಿನವರದ್ದಾಗಿತ್ತು. ‘ಇಬ್ಬರೂ ಬರಲಿಲ್ಲ’ ಎಂಬುದನ್ನು ‘ಬೋತ್’ ಹಾಕಿ ಬೆಂಗಳೂರಿನ ಇಂಗ್ಲಿಷಿಗೆ ತರುವುದೂ ಇದೇ ಮೂಲದ್ದು. ಕನ್ನಡದಲ್ಲಿ ಆ ಮಾತಿಗೆ ಒಬ್ಬರೂ ಬರಲಿಲ್ಲ ಎಂಬುದೇ ಅರ್ಥ, ಇಂಗ್ಲಿಷಿನಲ್ಲಿ ಅದು ಎರಡರ್ಥಕ್ಕೆ ಎಡೆಕೊಡುತ್ತದೆ.

ಅನುವಾದದಲ್ಲಿ ಹಾನಿ ಎದುರು ದಿಕ್ಕಿನದು. ಇಂಗ್ಲಿಷಿನಲ್ಲಿ ‘ನಾಟ್’ ಆದ ಮೇಲೆ ‘ಆರ್’ ಬಂದರೆ ಸಾಮಾನ್ಯವಾಗಿ ಎರಡೂ ಅಲ್ಲಗಳೆದಂತೆ. ಅದನ್ನು ಹಾಗೆಯೇ ಇಳಿಸಿ ‘ಸಚಿವರು ಸಭೆಗೆ ಬರಲಿಲ್ಲ ಅಥವಾ ಹೇಳಿಕೆ ಕೊಡಲಿಲ್ಲ’ ಎಂದು ಬರೆಯುವ ರೂಢಿ ಸುದ್ದಿಬರಹದಲ್ಲೂ ಪರದೆಯ ಅಡಿಬರಹಗಳಲ್ಲೂ ಹಬ್ಬಿದೆ. ಕನ್ನಡದ ಕಿವಿಗೆ ಈ ವಾಕ್ಯ ಎರಡರಲ್ಲಿ ಒಂದು ಆಗಲಿಲ್ಲ, ಯಾವುದೆಂದು ವರದಿಗಾರನಿಗೆ ತಿಳಿಯದು ಎಂದು ಕೇಳಿಸುತ್ತದೆ. ಜಪಾನಿನಲ್ಲಿ ಗೊರೊ ಮತ್ತು ಅಕಿಬಾ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಬಗೆಯ ವಾಕ್ಯಗಳದ್ದು: ‘ಅಥವಾ’ಕ್ಕೆ ಸಮನಾದ ‘ಕ’ ನಿಷೇಧದೊಡನೆ ಬಂದಾಗ ಜಪಾನಿ ವಯಸ್ಕರು ಎರಡರಲ್ಲೊಂದು ಇಲ್ಲ ಎಂದು ತಿಳಿದರು, ಚಿಕ್ಕ ಮಕ್ಕಳು ಹೆಚ್ಚಾಗಿ ಎರಡೂ ಇಲ್ಲ ಎಂದು ತಿಳಿದರು. ‘ಬಾರದು’, ‘ಕೂಡದು’ಗಳೊಡನೆ ಮಾತ್ರ ‘ಅಥವಾ’ ಅಷ್ಟಾಗಿ ಕೆಡುವುದಿಲ್ಲ. ‘ಇಲ್ಲಿ ಉಗುಳುವುದು ಅಥವಾ ಕಸ ಎಸೆಯುವುದು ಕೂಡದು’ ಎಂದರೆ ಯಾರೂ ಒಂದನ್ನು ಮಾಡಬಹುದೆಂದು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಎರಡೂ ಕ್ರಿಯೆಗಳು ಒಂದೇ ‘ಕೂಡದು’ವಿನ ಕೆಳಗಿವೆ.

ಉಳಿದದ್ದು ಯಾವ ಪ್ರತ್ಯಯವೂ ಇಲ್ಲದ ಬರಿಯ ಸಾಲು. ಬಸವಣ್ಣನವರ ‘ಕಳಬೇಡ, ಕೊಲಬೇಡ’ ಎಂಬ ಪ್ರಸಿದ್ಧ ವಚನದ ಪ್ರಚಲಿತ ಪಾಠದಲ್ಲಿ ಏಳು ನಿಷೇಧಗಳಿವೆ, ಏಳಕ್ಕೂ ‘ಬೇಡ’ ಇದೆ, ಸಂಯೋಜಕ ಒಂದೂ ಇಲ್ಲ. ಅಲ್ಲಿ ‘ಊ’ ಹಾಕಿದರೆ ಒಂದೊಂದು ವಿಧಿಯೂ ಹಿಂದಿನದಕ್ಕೆ ಜೋತುಬೀಳುತ್ತದೆ; ಇಲ್ಲದ್ದರಿಂದ ಪ್ರತಿಯೊಂದೂ ತನ್ನ ಕಾಲಮೇಲೆ ನಿಂತಿದೆ. ಎಣಿಕೆ ಬೆಳೆದಷ್ಟೂ ಕನ್ನಡ ‘ಊ’ವನ್ನು ಬಿಟ್ಟು ಬರಿಯ ಸಾಲಿಗೆ ಒಲಿಯುತ್ತದೆ, ಎರಡು ಅಥವಾ ಮೂರು ಅಂಗಗಳವರೆಗೆ ‘ಊ’, ಒಂದೇ ಕ್ರಿಯಾಪದದ ಕೆಳಗಿನ ಉದ್ದನೆಯ ಪಟ್ಟಿಗೆ ‘ಆಗಲಿ’.