ಬೆಳಗಿದ ಕೋವಿ

ಯುಗಾದಿ ನಾಟಕದ ವಿಮರ್ಶೆ ಬರೆದುಕೊಡಿ ಎಂದು ಸಂಪಾದಕರು ಫೋನ್ ಮಾಡಿದ್ದರು. ಆ ನಾಟಕದಲ್ಲಿ ಅತ್ತೆಯ ಪಾತ್ರ ನಮ್ಮ ಮನೆಯವರದ್ದು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಮನೆಯಲ್ಲಿ ಊಟವಿಲ್ಲ, ಹೊಗಳಿ ಬರೆದರೆ ಕೂಟದಲ್ಲಿ ಮರ್ಯಾದೆಯಿಲ್ಲ. ಆದ್ದರಿಂದ, ಏನು ಬರೆದರೂ ತಿರುಗಿ ಮಾತಾಡದ ಒಂದು ವಸ್ತುವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಅದು ನಮ್ಮ ಬೇಸ್‌ಮೆಂಟಿನ ಬೀರುವಿನಲ್ಲಿ ಬೀಗ ಹಾಕಿಟ್ಟಿರುವ ಒಂದು ಹಳೆಯ ಸಿಪಾಯಿ ಕೋವಿ. ಜೊತೆಗೆ ಅಂಥ ಕೋವಿಗಳನ್ನು ಕೂಡಿಡುವವರ, ಪ್ರದರ್ಶನಕ್ಕಿಡುವವರ ಅಭಿರುಚಿಯ ಬಗ್ಗೆಯೂ ಎರಡು ಮಾತು.

"ಡಾಕ್ಟರೇ, ನಿಮಗೇಕೆ ಕೋವಿ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಈ ದೇಶದಲ್ಲಿ ಕೋವಿ ಎಂದ ಕೂಡಲೇ ಟೀವಿಯ ಸುದ್ದಿ ಕಣ್ಣ ಮುಂದೆ ಬರುತ್ತದೆ. ರೆಸಿಡೆನ್ಸಿಯಲ್ಲಿದ್ದಾಗ ರಾತ್ರಿ ಪಾಳಿಯಲ್ಲಿ ಹೊಲಿದ ಗುಂಡೇಟುಗಳನ್ನು ನಾವೂ ಮರೆತಿಲ್ಲ. ನಾವು ಹೇಳಹೊರಟದ್ದು ಆ ಜಾತಿಯದಲ್ಲ. ಇದು ಮೂತಿಯಿಂದ ಮದ್ದು ತುಂಬಿ, ಗಜದ ಕಡ್ಡಿಯಿಂದ ಜಡಿದು, ಕೇಪು ಸಿಕ್ಕಿಸಿ ಹೊಡೆಯುವ, ಒಂದು ಗುಂಡಿಗೆ ಇಪ್ಪತ್ತು ಮೂವತ್ತು ಸೆಕೆಂಡು ಬೇಡುವ ಯಂತ್ರ. 1898ರವರೆಗೆ ತಯಾರಾದವನ್ನು ಇಲ್ಲಿನ ಕೇಂದ್ರ ಕಾನೂನು ಪ್ರಾಚೀನ ವಸ್ತುಗಳ ಲೆಕ್ಕಕ್ಕೇ ಸೇರಿಸುತ್ತದೆ. ರಾಜ್ಯ ರಾಜ್ಯಕ್ಕೂ ಕಾನೂನು ಬೇರೆ. ಕೊಳ್ಳುವವರು ತಮ್ಮ ರಾಜ್ಯದ್ದನ್ನು ಮೊದಲು ನೋಡಿಕೊಳ್ಳಬೇಕು.

ನಮ್ಮದು 1861ರ ಮಾದರಿಯ ಸ್ಪ್ರಿಂಗ್‌ಫೀಲ್ಡ್. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಕಾಲಾಳುಗಳ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಇದು, ಇಲ್ಲವೇ ಇಂಗ್ಲೆಂಡಿನಿಂದ ತರಿಸಿದ 1853ರ ಎನ್‌ಫೀಲ್ಡ್. (ಹೌದು, ಅದೇ ಎನ್‌ಫೀಲ್ಡ್! ಅದರ ತೋಟಾಕ್ಕೆ ಸವರಿದ ಕೊಬ್ಬಿನ ಸುದ್ದಿಯಿಂದಲೇ 1857ರಲ್ಲಿ ನಮ್ಮ ಸಿಪಾಯಿಗಳು ತಿರುಗಿಬಿದ್ದದ್ದು.) ಸ್ಪ್ರಿಂಗ್‌ಫೀಲ್ಡಿನ ನಳಿಗೆ ನಲವತ್ತು ಇಂಚು, ಒಟ್ಟು ತೂಕ ನಾಲ್ಕು ಕಿಲೋದ ಆಸುಪಾಸು. ಕರಿ ವಾಲ್ನಟ್ ಮರದ ಉದ್ದನೆಯ ಮೈ, ಅದಕ್ಕೆ ನಳಿಗೆಯನ್ನು ಹಿಡಿದಿಟ್ಟ ಮೂರು ಕಬ್ಬಿಣದ ಪಟ್ಟಿ. ಅಲಂಕಾರವೆಂಬುದು ಎಳ್ಳಷ್ಟೂ ಇಲ್ಲ. ಆದರೂ ಹೆಗಲಿಗೇರಿಸಿದರೆ, ಒಳ್ಳೆಯ ಬಡಗಿ ಮಾಡಿದ ಕುರ್ಚಿಯಲ್ಲಿ ಕೂತಂತೆ, ಎಲ್ಲೂ ಒತ್ತುವುದಿಲ್ಲ. ಸರ್ಕಾರ ಖಾಸಗಿ ಕಾರ್ಖಾನೆಗಳಿಗೆ ಇದೇ ಮಾದರಿಗೆ ಕೊಟ್ಟ ಬೆಲೆ ಇಪ್ಪತ್ತು ಡಾಲರ್. ಅದನ್ನು ಹೊತ್ತವನ ತಿಂಗಳ ಸಂಬಳ ಹದಿಮೂರು.

ನಮಗೆ ಇದು ಬಂದದ್ದು ಒಬ್ಬ ಪೇಶೆಂಟಿನಿಂದ. ತೊಂಬತ್ತರ ಹತ್ತಿರದ ಮುದುಕರು, ಹಳ್ಳಿಯ ಕಡೆಯ ರೈತರು. ಫಾರ್ಮ್ ಮಾರಿ ಮಗಳ ಮನೆಗೆ ಹೊರಟಿದ್ದರು. ಅವರ ಮುತ್ತಜ್ಜ ಸೇನೆ ಬಿಟ್ಟು ಬರುವಾಗ ಆರು ಡಾಲರ್ ಕೊಟ್ಟು ಇದನ್ನು ಮನೆಗೆ ತಂದಿದ್ದನಂತೆ. 1865ರಲ್ಲಿ ಸಿಪಾಯಿಗಳು ತಮ್ಮ ತಮ್ಮ ಕೋವಿಯನ್ನು ಆ ಬೆಲೆಗೆ ಇಟ್ಟುಕೊಳ್ಳಬಹುದೆಂದು ಸೇನೆಯ ಆಜ್ಞೆಯೇ ಆಗಿತ್ತು. "ಮೊಮ್ಮಕ್ಕಳಿಗೆ ಬೇಡ, ನಿಮಗೆ ಇತಿಹಾಸದ ಹುಚ್ಚಿದೆ" ಎಂದು ನಮಗೆ ಕೊಟ್ಟರು. ನಾವು ಕೊಟ್ಟ ಹಣವನ್ನು ಎಣಿಸಲೂ ಇಲ್ಲ.

ಮನೆಗೆ ತಂದಾಗ ನಳಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಮರ ಕಪ್ಪಗೆ ಜಿಡ್ಡುಗಟ್ಟಿತ್ತು. ಆಯುಧ ಪೂಜೆಗೆ ನಾಲ್ಕು ದಿನ. ಮೈಸೂರಿನವರ ಕೈ ಸುಮ್ಮನಿರುತ್ತದೆಯೇ? ನಮ್ಮ ಅಜ್ಜಿ ಹಬ್ಬಕ್ಕೆ ಮುಂಚೆ ಹುಣಿಸೆಹಣ್ಣು ಹಚ್ಚಿ ಇಡೀ ಮನೆಯ ಹಿತ್ತಾಳೆ ಬೆಳಗುತ್ತಿದ್ದವರು. ಹಾರ್ಡ್‌ವೇರ್ ಅಂಗಡಿಯಿಂದ ಸ್ಟೀಲ್ ವುಲ್ಲು, ಮರಳು ಕಾಗದ, ವಾರ್ನಿಷು ತಂದೆವು. ಎರಡು ಸಂಜೆ ಕೂತು ಉಜ್ಜಿದೆವು. ಕೋವಿ ಮದುವೆ ಗಂಡಿನಂತೆ ಹೊಳೆಯಿತು. ಕುಂಕುಮ ಇಟ್ಟೆವು, ಸೇವಂತಿಗೆ ಮುಡಿಸಿದೆವು, ಫೋಟೋ ತೆಗೆದೆವು.

ತಿಂಗಳ ನಂತರ ಊರು ಬಿಡುವ ಮೊದಲು ಮುದುಕರು ಒಮ್ಮೆ ನೋಡಲು ಬಂದರು. ಹೊಗಳುತ್ತಾರೆಂದು ಕಾದೆವು. ಅವರು ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಕೆನ್ನೆ ತಾಗುವ ಜಾಗದ ಕೆಳಗೆ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು. ಅಲ್ಲಿ ಮುತ್ತಜ್ಜ ಚಾಕುವಿನ ಮೊನೆಯಲ್ಲಿ ಕೆತ್ತಿದ್ದ ಎರಡು ಅಕ್ಷರಗಳಿದ್ದವಂತೆ. ಚಿಕ್ಕವರಿದ್ದಾಗ ಅವರ ತಂದೆ ಕತ್ತಲಲ್ಲಿ ಅವರ ಬೆರಳು ಹಿಡಿದು ಅದನ್ನು ಓದಿಸುತ್ತಿದ್ದರಂತೆ. ನಮಗದು ಜಿಡ್ಡಿನ ನಡುವೆ ಗೀರಿನಂತೆ ಕಂಡಿತ್ತು. "ಚೆನ್ನಾಗಿ ಹೊಳೀತಿದೆ ಡಾಕ್" ಎಂದಷ್ಟೇ ಹೇಳಿ ಕಾಫಿ ಕುಡಿದು ಹೋದರು. ಅವರು ಈಗಿಲ್ಲ.

ಅಲ್ಲಿಂದ ಮುಂದೆ ನಾವು ಈ ವಿದ್ಯೆಯನ್ನು ಕ್ರಮವಾಗಿ ಕಲಿತೆವು. ಕಲಿತದ್ದರಲ್ಲಿ ಮೊದಲನೆಯದು, ಹಳೆಯ ಕೋವಿಯನ್ನು ನೋಡುವುದೂ ರೋಗಿಯನ್ನು ನೋಡುವುದೂ ಒಂದೇ ಎಂಬುದು. ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಅಳೆದು, ಆಮೇಲೆ ಔಷಧಿ. ನಾವು ಔಷಧಿಯಿಂದ ಶುರು ಮಾಡಿದ್ದೆವು.

ಮೊದಲು ಗಜದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು, ಮೂತಿಯ ಮಟ್ಟದಲ್ಲಿ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕ ಹಿಡಿಯಬೇಕು. ಕಡ್ಡಿ ತಳ ಮುಟ್ಟಿಲ್ಲವೆಂದರೆ ಒಳಗೆ ನೂರೈವತ್ತು ವರ್ಷದ ಹಿಂದಿನ ಮದ್ದೂ ಗುಂಡೂ ಇನ್ನೂ ಕೂತಿರಬಹುದು. ಇದು ತಮಾಷೆಯಲ್ಲ, ಕರಿಮದ್ದು ಮುದಿಯಾಗುವುದಿಲ್ಲ. ಹಾಗಿದ್ದರೆ ನೀವು ಕೈ ಹಾಕದೆ ಬಲ್ಲವರ ಬಳಿ ಒಯ್ಯಿರಿ.

ಆಮೇಲೆ ಓದುವುದು. ಲಾಕಿನ ತಗಡಿನ ಮೇಲೆ ಹದ್ದು, ಸ್ಪ್ರಿಂಗ್‌ಫೀಲ್ಡ್ ಎಂಬ ಹೆಸರು, ಹ್ಯಾಮರಿನ ಹಿಂದೆ ಇಸವಿ. ನಳಿಗೆಯ ಬುಡದಲ್ಲಿ ಎಡಗಡೆ, ಪರೀಕ್ಷೆಯಲ್ಲಿ ಪಾಸಾಯಿತೆನ್ನುವ ವಿ ಮತ್ತು ಪಿ ಅಕ್ಷರ, ಹದ್ದಿನ ತಲೆ. ಲಾಕಿನ ಎದುರು ಮಗ್ಗುಲಿನ ಮರದಲ್ಲಿ ತಪಾಸಣೆದಾರನ ಮುದ್ರೆ. ಈ ಮುದ್ರೆಯ ಅಂಚು ಹರಿತವಾಗಿದ್ದರೆ ಮರವನ್ನು ಯಾರೂ ಉಜ್ಜಿಲ್ಲ. ಹೊಸದರಲ್ಲಿ ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರವಿರುತ್ತದೆ. ಎಲ್ಲಿ ಮರ ತಗ್ಗಿದೆಯೋ ಅಲ್ಲಿ ಮರಳು ಕಾಗದ ಓಡಾಡಿದೆ. (ನಮ್ಮದರಲ್ಲಿ ಧಾರಾಳವಾಗಿ ಓಡಾಡಿದೆ.) ಕೇಪು ಕೂರುವ ಮೊಲೆಯ ಸುತ್ತ ಸಿಡುಬಿನ ಕಲೆಯಂಥ ಗುಳಿಗಳಿದ್ದರೆ, ಹೊಡೆದಾಗ ಹಾರಿದ ಕೇಪಿನ ಮದ್ದು ಕಬ್ಬಿಣ ತಿಂದ ಗುರುತು. ಉಳಿದೆಲ್ಲ ಕಡೆ ಹಳತಾಗಿ ಅಲ್ಲಿ ಮಾತ್ರ ನುಣುಪಾಗಿದ್ದರೆ ಅನುಮಾನ ಪಡಿ. ನಲವತ್ತು ಇಂಚಿನ ನಳಿಗೆ ಕತ್ತರಿಸಿ, ಎರಡೇ ಪಟ್ಟಿಯ ಗಿಡ್ಡ ಕೋವಿ ಮಾಡಿ, ಫಿರಂಗಿ ದಳದ ಅಪರೂಪದ ಮಾದರಿ ಎಂದು ಮಾರುವುದು ಹಳೆಯ ಆಟ. ಯುದ್ಧದ ನಂತರ ಮಿಕ್ಕ ಬಿಡಿಭಾಗಗಳನ್ನು ಜೋಡಿಸಿ ಮಾರಿದವೂ ಲೆಕ್ಕವಿಲ್ಲದಷ್ಟಿವೆ. ಲಾಕಿನ ಇಸವಿ ಒಂದು, ನಳಿಗೆಯದು ಇನ್ನೊಂದು ಎಂದ ಮಾತ್ರಕ್ಕೆ ಮೋಸವೆನ್ನಲಾಗದು. ಭಾಗಗಳು ಅದಲುಬದಲಾಗುವಂತೆ ಮಾಡಿದ್ದೇ ಆ ಕಾರ್ಖಾನೆಯ ಹೆಗ್ಗಳಿಕೆ, ಒಂದು ವರ್ಷದ ಅಂತರ ಅಲ್ಲೇ ಬಂದಿರಬಹುದು.

ಈಗ ಒಂದು ತಕರಾರು. ಕಾರ್ಖಾನೆಯಿಂದ ಹೊರಬಿದ್ದಾಗ ಈ ಕೋವಿಯ ನಳಿಗೆ ಕಂದು ಬಣ್ಣದ್ದಲ್ಲ, ಬಣ್ಣ ಕೊಡದ ಬೆಳ್ಳನೆಯ ಹೊಳಪಿನ ಕಬ್ಬಿಣ. ಸಿಪಾಯಿ ಬೂದಿ, ಇಟ್ಟಿಗೆ ಪುಡಿ ಹಾಕಿ ಅದನ್ನು ಉಜ್ಜಬೇಕಿತ್ತು, ತುಕ್ಕು ಕಂಡರೆ ಶಿಕ್ಷೆ. ಹಾಗಾದರೆ ಅಸಲು ಯಾವುದು? ಇಂದು ಹರಾಜಿನಲ್ಲಿ, ಅಟ್ಟದಿಂದ ಈಗ ತಾನೇ ಇಳಿದದ್ದು ಎಂದು ಹೊಗಳಿ ಹೆಚ್ಚು ಬೆಲೆ ಕಟ್ಟುವ ಕಂದು ಕೋವಿಯನ್ನು ಅಂದಿನ ಸಾರ್ಜೆಂಟ್ ನೋಡಿದ್ದರೆ ಒಡೆಯನಿಗೆ ಒಂದು ರಾತ್ರಿಯ ಕಾವಲು ಹೆಚ್ಚಾಗುತ್ತಿತ್ತು. ಸಂಗ್ರಹಕಾರರು ಕಂದು ಬಣ್ಣವನ್ನು ದೇವರೆಂದು ಪೂಜಿಸುವಾಗ ಇದನ್ನು ಮರೆಯುತ್ತಾರೆ. ನಮ್ಮಂತೆ ಬೆಳಗಿದವರು ಇದನ್ನೇ ವಾದವಾಗಿ ಹಿಡಿಯುತ್ತಾರೆ. ನಾವೂ ಕೆಲವು ದಿನ ಹಿಡಿದೆವು.

ವಾದ ನಿಲ್ಲುವುದಿಲ್ಲ. ಸಿಪಾಯಿ ಉಜ್ಜಿದ್ದು ಆ ಕೋವಿಯ ಬದುಕಿನ ಭಾಗ. ಅವನ ಕೈಯ ಸವೆತ ಲಾಕಿನ ಅಂಚಿನಲ್ಲಿ ಕಾಣುತ್ತದೆ. ಆಮೇಲೆ ನೂರೈವತ್ತು ವರ್ಷ ಕಣಜದ ಮೂಲೆಯಲ್ಲಿ ನಿಂತದ್ದೂ ಅದರ ಬದುಕಿನ ಭಾಗವೇ. ನಾವು ಸ್ಟೀಲ್ ವುಲ್ಲಿನಲ್ಲಿ ತೆಗೆದದ್ದು ಎರಡನ್ನೂ. ತಂದ ಹೊಳಪು 1862ರದ್ದಲ್ಲ, ಹಾರ್ಡ್‌ವೇರ್ ಅಂಗಡಿಯದ್ದು. ವೈದ್ಯರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದಾದರೆ, ಗಾಯ ಬೇರೆ, ಗಾಯದ ಕಲೆ ಬೇರೆ. ಕೆಂಪಗೆ ಪುಡಿಪುಡಿಯಾಗಿ ಕೈಗೆ ಬರುವ ತುಕ್ಕು ಗಾಯ, ಅದಕ್ಕೆ ಎಣ್ಣೆ ಸವರಿ ನಿಲ್ಲಿಸಬೇಕು. ಕಂದಾಗಿ ಗಟ್ಟಿಯಾಗಿ ಕೂತದ್ದು ಕಲೆ. ಕಲೆಯನ್ನು ಕೆರೆಯುವ ವೈದ್ಯನಿಗೆ ಏನೆನ್ನುತ್ತೀರಿ?

ಕಳೆದ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಗೆ ಹೋಗಿದ್ದೆವು. 1794ರಲ್ಲಿ ಶುರುವಾಗಿ 1968ರಲ್ಲಿ ಮುಚ್ಚಿದ ಸರ್ಕಾರಿ ಕೋವಿ ಕಾರ್ಖಾನೆ, ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಮ್ಯೂಸಿಯಂ. ಕೋವಿ ಎಂದರೆ ಮೂಗು ಮುರಿಯುವವರೂ ಅಲ್ಲಿನ ಬ್ಲಾಂಚರ್ಡ್ ಲೇತನ್ನು ನೋಡಲೆಂದೇ ಹೋಗಬಹುದು. ಥಾಮಸ್ ಬ್ಲಾಂಚರ್ಡ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಾಡಿದ ಯಂತ್ರ. ಒಂದು ಕಡೆ ಮಾದರಿ ಸ್ಟಾಕು ತಿರುಗುತ್ತದೆ, ಅದರ ಮೇಲೆ ಒಂದು ಚಕ್ರ ಸವರುತ್ತ ಹೋಗುತ್ತದೆ, ಇನ್ನೊಂದು ಕಡೆ ಕತ್ತಿ ಅದೇ ಏರಿಳಿತವನ್ನು ಹಸಿ ಮರದ ತುಂಡಿಗೆ ಇಳಿಸುತ್ತದೆ. ಬೀಗದ ಕೈ ನಕಲು ಮಾಡುವ ಅಂಗಡಿಯ ಯಂತ್ರದ ಮುತ್ತಜ್ಜ ಎನ್ನಿ. ಬಡಗಿಯ ಕೈಯ ಓರೆಕೋರೆಯನ್ನು ಯಂತ್ರಕ್ಕೆ ಕಲಿಸಿದ ಈ ಭಾಗವನ್ನು ಮ್ಯೂಸಿಯಂನವರು ಸೊಗಸಾಗಿ ವಿವರಿಸಿದ್ದಾರೆ. ಪೂರ್ತಿ ಅಂಕ ಕೊಡಬೇಕಾದ್ದೇ.

ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಮಾತ್ರ ಕೋವಿಗಳ ಆರ್ಗನ್ ಮುಂದೆ. 1861ರ ಮಾದರಿಯ ಆರುನೂರಕ್ಕೂ ಹೆಚ್ಚು ಕೋವಿಗಳನ್ನು ಸಾಲುಸಾಲಾಗಿ ನಿಲ್ಲಿಸಿದ ಮರದ ಚೌಕಟ್ಟು. ನಳಿಗೆಗಳೆಲ್ಲ ಚರ್ಚಿನ ವಾದ್ಯದ ಕೊಳವೆಗಳಂತೆ ಕಾಣುತ್ತವೆ. 1843ರಲ್ಲಿ ಮದುವೆಯಾದ ಹೊಸದರಲ್ಲಿ ಕವಿ ಲಾಂಗ್‌ಫೆಲೋ ಹೆಂಡತಿಯೊಡನೆ ಇಲ್ಲಿಗೆ ಬಂದಾಗ ಕಂಡದ್ದೂ ಇಂಥದೇ ಸಾಲುಗಳನ್ನು, ಆಗಿನವು ಇನ್ನೂ ಹಳೆಯ ಮಾದರಿಯವು. ಹೋಲಿಕೆ ಹೊಳೆದದ್ದು ಆಕೆಗೆ, ಯುದ್ಧದ ವಿರುದ್ಧ ಕವಿತೆ ಬರೆದದ್ದು ಆತ. ಮಧುಚಂದ್ರಕ್ಕೆ ಶಸ್ತ್ರಾಗಾರ ನೋಡಲು ಹೋದವರ ಬಗ್ಗೆ ನಮ್ಮ ಮನೆಯವರು ಆಡಿದ ಮಾತು ಇಲ್ಲಿ ಬೇಡ.

ನೋಟ ಭವ್ಯವೇ. ನಮ್ಮ ದೂರು ಅದರ ಭವ್ಯತೆಯ ಮೇಲೇ. ಆರುನೂರು ಕೋವಿ ಒಟ್ಟಿಗೆ ನಿಂತರೆ ಕಣ್ಣಿಗೆ ಕಾಣುವುದು ಸಾಲು. ಒಂದು ಕೋವಿ ಕಾಣುವುದಿಲ್ಲ. ನಾವು ಮರಳು ಕಾಗದದಲ್ಲಿ ಮಾಡಿದ್ದನ್ನು ಇಲ್ಲಿ ಜೋಡಣೆ ಮಾಡುತ್ತದೆ. ಹೊತ್ತವನೂ ಅಳಿಸಿಹೋಗುತ್ತಾನೆ, ಗುಂಡು ತಿಂದವನೂ ಅಳಿಸಿಹೋಗುತ್ತಾನೆ. 1863ರಲ್ಲಿ ಗೆಟಿಸ್‌ಬರ್ಗ್ ಕದನದ ಬಯಲಿನಿಂದ 27,574 ಕೋವಿಗಳನ್ನು ಆರಿಸಿ ತಂದರೆಂದು ವರದಿಯಿದೆ. ಸುಮಾರು 24,000 ತುಂಬಿದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಗುಂಡಿನ ಮೇಲೆ ಇನ್ನೊಂದು ಗುಂಡು, ಕೆಲವು ಸಾವಿರದಲ್ಲಿ ಮೂರು, ನಾಲ್ಕು, ಇನ್ನೂ ಹೆಚ್ಚು. ಹೊಡೆದೆವೆಂದುಕೊಂಡು ಹೊಡೆಯದೆ, ಮತ್ತೆ ಮತ್ತೆ ಜಡಿದ ಹುಡುಗರ ಕೈ ಎಷ್ಟು ನಡುಗಿರಬೇಕು! ಕೋವಿಯ ಬಗ್ಗೆ ನಾವು ಓದಿದ್ದರಲ್ಲಿ ಇಷ್ಟು ಮನಸ್ಸು ಕಲಕಿದ ಸಾಲು ಬೇರೆಯಿಲ್ಲ.

ಇನ್ನು ಗುಂಡು. ಫ್ರೆಂಚ್ ಸೈನ್ಯಾಧಿಕಾರಿ ಮಿನಿಯೇ ಹೆಸರಿನ ಮೆತ್ತನೆಯ ಸೀಸದ ಗುಂಡು, ಹೆಬ್ಬೆರಳಿನ ತುದಿಯಷ್ಟು ಗಾತ್ರ, ಮೂವತ್ತು ಗ್ರಾಮಿನಷ್ಟು ತೂಕ. ತಳದ ಪೊಳ್ಳು ಮದ್ದಿನ ಒತ್ತಡಕ್ಕೆ ಅರಳಿ ನಳಿಗೆಯ ತಿರುಚು ಗೆರೆಗೆ ಕಚ್ಚಿಕೊಳ್ಳುತ್ತದೆ, ಅದಕ್ಕೇ ದೂರ ಹೋಗುತ್ತದೆ. ಎಲುಬಿಗೆ ಬಿದ್ದರೆ ತೂತು ಮಾಡುವುದಿಲ್ಲ, ಚೂರು ಮಾಡುತ್ತದೆ. ಆ್ಯಂಟಿಬಯಾಟಿಕ್ ಇಲ್ಲದ, ಕೈ ತೊಳೆಯದ ಕಾಲ. ಉತ್ತರದ ಸೇನೆಯಲ್ಲೇ ಸುಮಾರು 30,000 ಕೈಕಾಲು ಕತ್ತರಿಸಬೇಕಾಯಿತು. 1862ರಲ್ಲಿ ಸರ್ಜನ್ ಜನರಲ್ ಹ್ಯಾಮಂಡ್ ಅಂಥ ಎಲುಬುಗಳನ್ನು ಕಲಿಕೆಗಾಗಿ ಕೂಡಿಡಲು ಸೇನಾ ವೈದ್ಯಕೀಯ ಮ್ಯೂಸಿಯಂ ಕಟ್ಟಿದ. ಅದು ಈಗ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದೆ. ಕೋವಿ ಒಂದು ರಾಜ್ಯದಲ್ಲಿ, ಅದು ಮುರಿದ ಎಲುಬು ಇನ್ನೊಂದು ರಾಜ್ಯದಲ್ಲಿ, ನಡುವೆ ಒಂದು ಹಗಲಿನ ಕಾರಿನ ದಾರಿ. ಕೋವಿ ಪ್ರೇಮಿಗಳು ಇಲ್ಲಿಗೆ, ವೈದ್ಯರು ಅಲ್ಲಿಗೆ. ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೋವಿ, ಒಂದು ಗುಂಡು, ಒಂದು ತೊಡೆಯೆಲುಬು ಇಟ್ಟಿದ್ದರೆ ಆರುನೂರರ ಸಾಲು ಬೇಕಿರಲಿಲ್ಲ.

ನಮ್ಮ ಕೋವಿಗೆ ಈಗ ಮಾರುಕಟ್ಟೆಯಲ್ಲಿ ಅರ್ಧ ಬೆಲೆಯೂ ಇಲ್ಲ. ಬಲ್ಲ ವ್ಯಾಪಾರಿಯೊಬ್ಬರಿಗೆ ತೋರಿಸಿದೆವು. ಮರ ಮುಟ್ಟಿ ನೋಡಿ, "ಯಾರು ಹೀಗೆ ಮಾಡಿದ್ದು?" ಎಂದರು. ಹಿಂದಿನ ಒಡೆಯರು ಎನ್ನಬಹುದಿತ್ತು. ಎನ್ನಲಿಲ್ಲ. ಅಡ್ಡ ಬೆಳಕಿನಲ್ಲಿ, ಟಾರ್ಚನ್ನು ಮರಕ್ಕೆ ತಾಗುವಂತೆ ಹಿಡಿದರೆ ಎರಡನೆಯ ಅಕ್ಷರದ ಒಂದು ಕಾಲು ಇನ್ನೂ ಕಾಣುತ್ತದೆಂದು ಅವರೇ ತೋರಿಸಿಕೊಟ್ಟರು. ಈಗ ಆಯುಧ ಪೂಜೆಗೆ ಕುಂಕುಮವನ್ನು ಕೋವಿಗಿಡುವುದಿಲ್ಲ, ಬೀರುವಿನ ಬಾಗಿಲಿಗಿಡುತ್ತೇವೆ.

ನೋಡಬೇಕೆನ್ನುವವರು ಫೋನ್ ಮಾಡಿ ಬನ್ನಿ, ಮಕ್ಕಳನ್ನೂ ಕರೆತನ್ನಿ. ಬೆರಳಿನ ಬೆವರು ಕಬ್ಬಿಣ ತಿನ್ನುತ್ತದೆ, ಆದ್ದರಿಂದ ಹತ್ತಿಯ ಕೈಚೀಲ ನಾವೇ ಕೊಡುತ್ತೇವೆ. ಕಾಫಿ, ಚಕ್ಕುಲಿ ಅದಾದ ಮೇಲೆ, ಮಹಡಿಯ ಮೇಲೆ.