ಕಾಗದದ ಲೋಟದ ಸಮಾಧಾನ

ಮಹಾರಾಷ್ಟ್ರ ಸರಕಾರ 2018ರಲ್ಲಿ ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟಗಳನ್ನು ನಿಷೇಧಿಸಿದ ಮೇಲೆ ಪುಣೆಯ ನಮ್ಮ ಸಮಾರಂಭಗಳಿಗೆ ಕಾಗದದ ಲೋಟ ಬಂತು. ಪರಿಸರದ ಋಣ ತೀರಿತೆಂದು ನಿಶ್ಚಿಂತರಾಗಿದ್ದೇವೆ. ಈ ಸಮಾಧಾನ ಸಲ್ಲದು. ಕಾಗದ ನೆನೆಯದಿರಲೆಂದು ಒಳಮೈಗೆ ಸವರಿರುವುದೂ ಪ್ಲಾಸ್ಟಿಕ್ಕೇ. ಅದರಲ್ಲಿ 15 ನಿಮಿಷ ನಿಂತ 100 ಮಿ.ಲೀ. ಬಿಸಿನೀರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಇಳಿಯುತ್ತವೆಂದು ಖರಗ್‌ಪುರ ಐಐಟಿಯವರು 2020ರಲ್ಲಿ ತೋರಿಸಿದರು. 2022ರಲ್ಲಿ ಸರಕಾರ ಈ ಲೋಟವನ್ನೂ ನಿಷೇಧಿಸಿತು. ನಮ್ಮ ರಾಜ್ಯೋತ್ಸವಕ್ಕೆ ಮಾತ್ರ ಸುದ್ದಿ ಮುಟ್ಟಿಲ್ಲ!

ಕಾಗದ, ಪ್ಲಾಸ್ಟಿಕ್ ಬೆಸೆದ ಈ ವಸ್ತು ರದ್ದಿಗೂ ಬೇಡ, ಗೊಬ್ಬರಕ್ಕೂ ಬಾರದು. ಮರುದಿನ ಅದನ್ನು ಕೈಯಾರೆ ಬೇರ್ಪಡಿಸುವವರು ‘ಸ್ವಚ್ಛ’ ಸಹಕಾರಿ ಸಂಘದ ಹೆಣ್ಣುಮಕ್ಕಳು.

ಸ್ಟೀಲ್ ಲೋಟ ತೊಳೆಯುವವರಾರು ಎಂದು ಸಮಿತಿ ಕೇಳುತ್ತದೆ. ನ್ಯಾಯವಾದ ಪ್ರಶ್ನೆಯೇ. ಹೂಗುಚ್ಛಕ್ಕೆ ಸುರಿಯುವ ಹಣದಲ್ಲಿ ಕೂಲಿ ಕೊಟ್ಟು ತೊಳೆಸಲಿ. ಮಹಿಳಾ ವಿಭಾಗದ ತಲೆಗೆ ಕಟ್ಟುವುದು ಬೇಡ.